ಮೊದಲು ಬಂದವರು, ಕೊನೆಗೆ ಬಂದವರು




ಗೋಸಿಂಗ ಸಾಲವನದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಕುಗಳಿದ್ದರು. ಭಿಕ್ಷೆಯಿಂದ ಮೊದಲು ಮರಳಿದವರು ಆಸನ ಹಾಸಿ, ಕುಡಿಯುವ ನೀರಿಡುತ್ತಿದ್ದರು. ಕೊನೆಗೆ ಬಂದವರು ಬೇಕಿದ್ದರೆ ಉಳಿದದ್ದನ್ನು ಉಂಡು, ಪಾತ್ರೆ ತೊಳೆದು, ನೆಲ ಗುಡಿಸುತ್ತಿದ್ದರು. ಯಾರೂ ಯಾರಿಗೂ ಹೇಳಬೇಕಿರಲಿಲ್ಲ. 5 ದಿನಕ್ಕೊಮ್ಮೆ ರಾತ್ರಿಯಿಡೀ ಒಟ್ಟಿಗೆ ಕೂತು ಧಮ್ಮದ ಮಾತಾಡುತ್ತಿದ್ದರು.

ನಮ್ಮ ಮನೆಗಳಲ್ಲಿ ಒಬ್ಬರಿಗೆ ಶಿಫ್ಟ್, ಇನ್ನೊಬ್ಬರಿಗೆ ಟ್ಯೂಷನ್. ದಿನವೂ ಒಟ್ಟಿಗೆ ಊಟ ಆಗದು, ಸರಿ. ಆದರೆ ಕಾಯುವುದು, ಬಡಿಸುವುದು, ತೊಳೆಯುವುದು ಮೂರೂ ಅಮ್ಮನೊಬ್ಬಳ ಪಾಲಾಗಬೇಕೆ?

ಮೊದಲು ಬಂದವರು ತಟ್ಟೆಯಿಡಲಿ, ಕೊನೆಯವರು ತೊಳೆಯಲಿ. ವಾರಕ್ಕೊಂದು ರಾತ್ರಿ ಎಲ್ಲರೂ ಕೂತು ಉಣ್ಣೋಣ. ಅಂದು ಅಮ್ಮನೂ ಮೊದಲ ಪಂಕ್ತಿಯಲ್ಲೇ ಕೂರಲಿ.

ಭವತು ಸಬ್ಬ ಮಂಗಲಂ 🙏