ಎಚ್ಚರಿಕೆಯೂ ಎಚ್ಚರವೂ

ಮನುಷ್ಯನಿಗೆ ದೊರೆತಿರುವ ಸಂಪತ್ತುಗಳಲ್ಲಿ ಅವಧಾನವೂ ಒಂದು. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಚದುರಿದ ಮನಸ್ಸನ್ನು ಒಟ್ಟುಗೂಡಿಸುವುದು ಅಷ್ಟು ಸುಲಭವಲ್ಲ. ಆದುದರಿಂದ ಒಬ್ಬನ ಗಮನವನ್ನು ಸೆಳೆಯುವ ಪ್ರತಿಯೊಂದು ಕರೆಯೂ ಅವನಿಂದ ಏನನ್ನೋ ತೆಗೆದುಕೊಳ್ಳುತ್ತದೆ. ಹಾಗೆ ತೆಗೆದುಕೊಳ್ಳುವ ಅಧಿಕಾರ ಯಾವ ಕರೆಗೆ ಉಂಟು, ಯಾವುದಕ್ಕೆ ಇಲ್ಲ ಎಂಬ ಪ್ರಶ್ನೆಯು ಇಂದಿನ ಗೃಹಸ್ಥನ ಮುಂದೆ ಹೊಸ ರೂಪದಲ್ಲಿ ಬಂದು ನಿಂತಿದೆ.

ಈಗ ಅನೇಕ ಮನೆಗಳಲ್ಲಿ ಯಂತ್ರಗಳೇ ಮಾತನಾಡತೊಡಗಿವೆ. ಬಾಗಿಲು ತೆರೆದರೆ ಒಂದು ಸೂಚನೆ, ನೀರಿನ ಟ್ಯಾಂಕು ತುಂಬಿದರೆ ಒಂದು, ಅಂಗಳದಲ್ಲಿ ಬೆಕ್ಕು ಸುಳಿದರೆ ಕ್ಯಾಮೆರಾದಿಂದ ಮತ್ತೊಂದು. ಎಲ್ಲವೂ ಮನೆಯವರ ಮೊಬೈಲಿಗೆ ಒಂದೇ ದನಿಯಲ್ಲಿ ಬಂದು ಸೇರುತ್ತವೆ. ಅಡುಗೆಯ ಗ್ಯಾಸ್ ಸೋರುತ್ತಿದೆಯೆಂಬ ಸುದ್ದಿಗೂ ಬೆಕ್ಕು ಸುಳಿಯಿತೆಂಬ ಸುದ್ದಿಗೂ ಅಲ್ಲಿ ಭೇದವಿಲ್ಲ. ಕೆಲವು ದಿನ ಕಳೆದ ಮೇಲೆ ಮನೆಯವರು ಯಾವುದನ್ನೂ ನೋಡದಾಗುತ್ತಾರೆ.

ತೋಳ ಬಂತೆಂದು ಕೂಗಿದ ಕುರಿಗಾಹಿ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಹುಡುಗನು ಸುಳ್ಳು ಹೇಳಿದನು; ಯಂತ್ರವು ಸುಳ್ಳು ಹೇಳುವುದಿಲ್ಲ. ಬೆಕ್ಕು ನಿಜವಾಗಿಯೂ ಸುಳಿದಿದೆ. ಆದರೂ ಫಲ ಒಂದೇ ಆಯಿತಷ್ಟೆ! ವಿಚಾರದ ಸೂಕ್ಷ್ಮವಿರುವುದು ಇಲ್ಲಿಯೇ. ನಿಜವಾದ ಮಾತ್ರಕ್ಕೆ ಒಂದು ಸುದ್ದಿಗೆ ಪರರನ್ನು ಎಬ್ಬಿಸುವ ಅಧಿಕಾರ ಬಾರದು. ಕೇಳಿದವನಿಗೆ ಅದರಿಂದ ಮಾಡತಕ್ಕ ಕೆಲಸವೊಂದು ಇರಬೇಕು.

ಇದು ಕೇವಲ ಮನಶ್ಶಾಂತಿಯ ಪ್ರಶ್ನೆಯೆಂದು ತಿಳಿಯಲಾಗದು. ವೇಲ್ಸಿನ ಮಿಲ್ಫರ್ಡ್ ಹೇವನ್ನಿನಲ್ಲಿದ್ದ ತೈಲ ಶುದ್ಧೀಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುನ್ನಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಎಚ್ಚರಿಕೆಗಳು ಮೊಳಗಿದ್ದವು. ಅಷ್ಟು ಕೂಗಿನ ನಡುವೆ ಮುಖ್ಯವಾದುದನ್ನು ಆರಿಸುವುದು ಯಾರಿಗೆ ಸಾಧ್ಯ? ಅಮೆರಿಕದ ಆಸ್ಪತ್ರೆಗಳನ್ನು ಪರಿಶೀಲಿಸುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು 2013ರಲ್ಲಿ ಹೊರಡಿಸಿದ ಪ್ರಕಟಣೆಯಂತೆ, ರೋಗಿಯ ಬಳಿಯ ಯಂತ್ರಗಳು ಕೊಡುವ ಎಚ್ಚರಿಕೆಗಳಲ್ಲಿ ಶೇಕಡಾ 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲವೆಂದು ಅಂದಾಜು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಎಚ್ಚರಿಕೆಗಳಿಗೆ ಸಂಬಂಧಿಸಿ ಅದಕ್ಕೆ ವರದಿಯಾದ 98 ಪ್ರಕರಣಗಳಲ್ಲಿ 80 ಮರಣದಲ್ಲಿ ಮುಗಿದವು. ಮನೆಯು ಆಸ್ಪತ್ರೆಯಲ್ಲ, ನಿಜ; ಕಿವಿ ಮಾತ್ರ ಅದೇ ಮನುಷ್ಯನ ಕಿವಿ.

ಒಂದು ಸೂಚನೆ ತಪ್ಪಿದರೆ ಪ್ರಾಣವೇ ಹೋಗಬಹುದಲ್ಲವೆ, ಹೆಚ್ಚಾಗಿದ್ದರೇನು ನಷ್ಟ ಎಂದು ಕೆಲವರು ಕೇಳಬಹುದು. ಹೊಗೆ, ಅನಿಲಗಳ ಎಚ್ಚರಿಕೆಯನ್ನು ಅಡಗಿಸೆಂದು ಯಾರೂ ಹೇಳುವುದಿಲ್ಲ. ಅವುಗಳ ದನಿ ಕೇಳಿಸಲೆಂದೇ ಉಳಿದವು ಸುಮ್ಮನಿರಬೇಕು. ಬೇಸತ್ತು ಎಲ್ಲವನ್ನೂ ಮುಚ್ಚಿಬಿಡುವುದು ಉದಾಸೀನ. ಆರಿಸಿ ಉಳಿಸುವುದು ವಿವೇಕ.

ಆ ವಿವೇಕಕ್ಕೆ ದಾರಿ ಕಠಿಣವಲ್ಲ. 2013ರಲ್ಲಿ ಆರಂಭವಾದ ಹೋಮ್ ಅಸಿಸ್ಟೆಂಟ್‌ನಂತಹ ತಂತ್ರಾಂಶಗಳಲ್ಲಿ ನಿಯಮಗಳನ್ನು ಮನೆಯವರೇ ಬರೆಯಬಹುದು. ಬಾಗಿಲು ತೆರೆದಾಗಲೆಲ್ಲ ಕೂಗದೆ, ಹತ್ತು ನಿಮಿಷ ತೆರೆದೇ ಇದ್ದರೆ ಹೇಳುವಂತೆ ಮಾಡಬಹುದು. ಟ್ಯಾಂಕು ತುಂಬಿದೊಡನೆ ಮೋಟಾರು ತಾನೇ ನಿಂತರೆ ಅದರ ಕಾಯಕ ಮುಗಿಯಿತು. ನಿಲ್ಲದಿದ್ದರೆ ಮಾತ್ರ ಮನೆಯವರನ್ನು ಕರೆಯಲಿ. ತಂಪುಪೆಟ್ಟಿಗೆಯ ಉಷ್ಣತೆಯು ಗೆರೆಯ ಅಂಚಿನಲ್ಲಿ ಏರಿಳಿದಾಗಲೆಲ್ಲ ಸೂಚನೆ ಬಾರದಂತೆ, ಎಚ್ಚರಿಸುವ ಮಟ್ಟವೊಂದು, ಸರಿಹೋಯಿತೆನ್ನುವ ಮಟ್ಟ ಬೇರೊಂದು ಇರಲಿ. ಬ್ಯಾಟರಿಗಳ ಸುದ್ದಿ ವಾರಕ್ಕೊಮ್ಮೆ ಒಟ್ಟಿಗೆ ಬಂದರೆ ಸಾಕು. ಮಾಡತಕ್ಕದ್ದು ಏನಾದರೂ ಇದೆಯೆ, ಈಗಲೇ ಮಾಡಬೇಕೆ, ಇವರೇ ಮಾಡಬೇಕೆ ಎಂಬ ಮೂರು ಪ್ರಶ್ನೆಗಳಿಗೆ ಹೌದೆನ್ನುವ ಸೂಚನೆಯೇ ಕೂಗಲು ಯೋಗ್ಯವಾದುದು.

ಆದರೂ ಜನರು ಇದನ್ನು ಮಾಡಲು ಹಿಂಜರಿಯುವರೇಕೆ? ಎಲ್ಲವನ್ನೂ ತಿಳಿದಿರಬೇಕೆಂಬ ಭಯಮಿಶ್ರಿತ ಆಸೆಯೇ ಅದಕ್ಕೆ ಕಾರಣ. ಊರಿನಲ್ಲಿ ಒಬ್ಬಳೇ ಇರುವ ವೃದ್ಧ ತಾಯಿಯ ಮನೆಯಲ್ಲಿ ದೂರದ ಮಗನು ಕ್ಯಾಮೆರಾ ಇರಿಸುತ್ತಾನೆ. ಆಕೆ ಎದ್ದರೆ, ಕುಳಿತರೆ, ಬಚ್ಚಲಿಗೆ ಹೋದರೆ ಅವನ ಮೊಬೈಲು ಮಿಡಿಯುತ್ತದೆ. ಅವನು ಅದನ್ನು ಪ್ರೀತಿಯೆಂದು ಭಾವಿಸುತ್ತಾನೆ. ತಾಯಿಗೆ ಏಕಾಂತ ಹೋಯಿತು. ಮಗನಿಗೆ ಅಭ್ಯಾಸಬಲದಿಂದ ಅಲಕ್ಷ್ಯ ಬಂತು. ಆಕೆ ಬಿದ್ದ ದಿನದ ಸೂಚನೆಯೂ ಆ ರಾಶಿಯಲ್ಲಿ ಒಂದಾಗಿಬಿಡುತ್ತದೆ. ಅದಕ್ಕೆ ಬದಲಾಗಿ, ಆಕೆಯ ಒಪ್ಪಿಗೆ ಪಡೆದು ಕ್ಯಾಮೆರಾವನ್ನು ತೆಗೆದು, ಚಲನೆಯನ್ನಷ್ಟೆ ಗುರುತಿಸುವ ಸೆನ್ಸರೊಂದನ್ನು ಅಡುಗೆಮನೆಯಲ್ಲಿ ಇಡಬಹುದು. ದಿನವೂ ಆಕೆ ಅಲ್ಲಿಗೆ ಬರುವ ಹೊತ್ತು ಮೀರಿಯೂ ಚಲನೆ ಕಾಣದಿದ್ದರೆ ಮಾತ್ರ ಅದು ತಿಳಿಸಲಿ. ವರ್ಷಕ್ಕೆ ಒಂದೆರಡು ಸಲ ಬರುವ ಆ ಕರೆಯನ್ನು ಯಾವ ಮಗನೂ ಕಡೆಗಣಿಸಲಾರನು. ಉಳಿದ ದಿನಗಳಲ್ಲಿ ಅವನೇ ಫೋನು ಮಾಡಿ ತಾಯಿಯ ಕುಶಲವನ್ನು ವಿಚಾರಿಸಲಿ.

ಸುದ್ದಿ ಹೆಚ್ಚಿದಷ್ಟೂ ಅರಿವು ಹೆಚ್ಚುವುದೆಂಬುದು ಭ್ರಮೆ. ಎಚ್ಚರಿಕೆ ಕೊಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಎಚ್ಚರವಾಗಿರುವ ಹೊಣೆ ಮನುಷ್ಯನಲ್ಲಿಯೇ ಉಳಿಯುತ್ತದೆ. ಯಾವುದಕ್ಕೆ ಏಳಬೇಕೆಂದು ಮೊದಲೇ ವಿಚಾರಿಸಿ ನಿರ್ಣಯಿಸಿದ ಗೃಹಸ್ಥನು ಮಿಕ್ಕ ಹೊತ್ತು ತನ್ನ ಕೆಲಸದಲ್ಲಿಯೂ ತನ್ನವರ ಮಾತಿನಲ್ಲಿಯೂ ನೆಮ್ಮದಿಯಿಂದ ಇರಬಲ್ಲನು. ಕರೆ ಬಂದಾಗ ತಡಮಾಡದೆ ಏಳಬಲ್ಲನು.