ಅಳಿಯದ ನಾರು, ಅಳಿಸಿಹೋಗುವ ಹೆಸರು

ಇಂಡಿ ಕಡೆಯ ತಾಂಬಾ ಊರಿನ ಸೀಮೆಯಲ್ಲಿ ಮಣ್ಣಿನ ಮಾಳಿಗೆಯೆಂದರೆ ಮುಗಿಯದ ಕೆಲಸ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕದಿದ್ದರೆ ಸೋರುತ್ತದೆ. ಕೈಬಿಟ್ಟರೆ ಕುಸಿದು ಮಣ್ಣಿಗೆ ಮಣ್ಣಾಗುತ್ತದೆ. ಈ ಕಾಟಕ್ಕೆ ಬೇಸತ್ತವರಿಗೆ ಸಿಮೆಂಟ್ ಪತ್ರಾ ವರವಾಗಿ ಕಂಡಿತು. ತುಕ್ಕು ಹಿಡಿಯದು, ಗೆದ್ದಲು ಮುಟ್ಟದು, ಬೆಂಕಿಗೂ ಜಗ್ಗದು. ಆ ಗಟ್ಟಿತನ ಅದರೊಳಗಿನ ಕಲ್ನಾರಿನದು.

ಕಲ್ನಾರು ಬಂಡೆಯಲ್ಲೇ ಹುಟ್ಟುವ ನಾರು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲೂ ಸಿಗುತ್ತದೆ. ಪತ್ರಾ ಸುಮ್ಮನೆ ತಲೆಯ ಮೇಲಿರುವಾಗ ಅಪಾಯ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಏಳುವ ದೂಳು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಮೈಯ ಕಾವಲು ಕಣಗಳು ನಾರನ್ನು ನುಂಗಹೋಗಿ, ಅರಗಿಸಲಾರದೆ ತಾವೇ ಸಾಯುತ್ತವೆ. ಗಾಯದ ಮೇಲೆ ಗಾಯವಾಗಿ ಶ್ವಾಸಕೋಶ ಗಡುಸಾಗುತ್ತದೆ. ಕೆಲವರಿಗೆ ಕ್ಯಾನ್ಸರ್, ಇನ್ನು ಕೆಲವರಿಗೆ ಎದೆಯ ಒಳಪೊರೆಯ ಮೆಸೊಥೀಲಿಯೋಮಾ. ಕಾಯಿಲೆ ತಲೆಯೆತ್ತುವ ಹೊತ್ತಿಗೆ ಎಷ್ಟೋ ಸಲ 20ರಿಂದ 40 ವರ್ಷ ಸಂದಿರುತ್ತದೆ.

ಅನಿತ್ಯವೆಂದರೆ ನಮಗೆ ದುಃಖದ ಮಾತು. ಆದರೆ ಮೈ ಬದುಕಿರುವುದೇ ಅಳಿವಿನ ಬಲದಿಂದ. ಹಳೆಯ ಕಣ ಸಾಯಬೇಕು, ಒಳಗೆ ಬಂದ ಉಸಿರು ಹೊರಗೆ ಹೋಗಬೇಕು. ಬಂದದ್ದು ಹೋಗಲೊಲ್ಲದೆ ಕೂತರೆ ಅದೇ ರೋಗ. ಚಾವಣಿಯಲ್ಲಿ ನಾವು ಕಾಸು ಕೊಟ್ಟು ಕೊಂಡ ಶಾಶ್ವತ, ಎದೆಯೊಳಗೆ ಇಳಿದಾಗ ಶಾಪ.

ಉಳಿಯಲೇಬೇಕಾದದ್ದು ಬೇರೆಯೇ ಇದೆ. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಮುಗಿಯುವುದೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಆದೇಶಿಸಿತು. ರೋಗ ತಡವಾಗಿ ಬರುವುದಾದರೆ ಕಾಗದವೂ ಅಷ್ಟು ಕಾಲ ಕಾಯಬೇಕೆಂಬ ವಿವೇಕ ಅದರಲ್ಲಿತ್ತು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಗೋವಾ, ಮುಂಬೈ, ಪುಣೆಗೆ ಗುಳೆ ಹೋಗಿ, ಮೂಗಿಗೊಂದು ವಲ್ಲಿ ಸುತ್ತಿಕೊಂಡು ಹಳೆಯ ಪತ್ರಾ ಒಡೆದಿಳಿಸುವ ಕೂಲಿಯವನ ಹೆಸರು ಯಾವ ದಾಖಲೆಯಲ್ಲಿದೆ? ಪಗಾರ ಬಟವಾಡೆಯಾದರೆ ಗುತ್ತಿಗೆದಾರನ ಚೀಟಿಯ ಆಯುಷ್ಯ ಮುಗಿಯಿತು. ಮುಪ್ಪಿನಲ್ಲಿ ದಮ್ಮು ಹತ್ತಿದರೆ ಬೀಡಿಯ ಮೇಲೋ ಕ್ಷಯದ ಮೇಲೋ ಹೊರಿಸಿದರಾಯಿತು.

60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮ ದೇಶ ಇನ್ನೂ ತರಿಸಿಕೊಳ್ಳುತ್ತಿದೆ. ಹುಟ್ಟಿದವರು ಸಾಯುತ್ತಾರೆ, ನಿಜ. ಆದರೆ ದೂಳಿನಿಂದ ಬಂದ ಸಾವನ್ನು ವಿಧಿಯ ಲೆಕ್ಕಕ್ಕೆ ಬರೆಯುವುದು ವೈರಾಗ್ಯವಲ್ಲ, ಜಾರಿಕೊಳ್ಳುವ ಜಾಣತನ. ಎಲ್ಲವೂ ಅನಿತ್ಯವೆಂದು ಬಲ್ಲವರು ಕೂಲಿಯವನ ಹೆಸರನ್ನು ಬರೆದಿಡುವ ಕೆಲಸವನ್ನು ನಾಳೆಗೆ ಬಿಡಬಾರದು.