ಪ್ರಭಾಖಡ್ಗದ ರೋಧಕಮೀಮಾಂಸೆ

ಹಿಡಿಯಲ್ಲಿ ಬ್ಯಾಟರಿ, ಅಲಗಿನಲ್ಲಿ ಬೆಳಕು, ಬೀಸಿದೊಡನೆ ಹೊಮ್ಮುವ ಗುಂಜನ: ಈ ಮೂರನ್ನೂ ತನ್ನಲ್ಲೇ ಧರಿಸಿದ ಆಟದ ಆಯುಧವೇ ಪ್ರಭಾಖಡ್ಗ. ಲಕ್ಷಣದಲ್ಲಿ ‘ತನ್ನಲ್ಲೇ’ ಎಂಬ ಪದವು ವ್ಯರ್ಥವಲ್ಲ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿಗೆ ಪ್ರಭೆಯನ್ನು ಚಿತ್ರೀಕರಣದ ನಂತರ ಫಿಲ್ಮಿನ ಮೇಲೆ ಕೂಡಿಸಲಾಯಿತು. ಪ್ರೊಜೆಕ್ಟರ್ ಮೋಟರಿನ ಮೊರೆತ ಮತ್ತು ಟಿವಿ ಚಿತ್ರನಳಿಕೆಯ ಝೇಂಕಾರಗಳಿಂದ ಧ್ವನಿವಿನ್ಯಾಸಕ ಬೆನ್ ಬರ್ಟ್ ಅದರ ಧ್ವನಿಯನ್ನು ರಚಿಸಿದರು. ಅಲ್ಲಿ ಬೆಳಕು, ಧ್ವನಿ ಎರಡೂ ಆರೋಪಿತ. ಮನೆಯಲ್ಲಿ ಕಟ್ಟಿದ ಖಡ್ಗದಲ್ಲಿ ಎರಡೂ ಸ್ವಾಶ್ರಿತವಾದುದರಿಂದ ತಂತಿ, ಎಲ್‌ಇಡಿ, ರೋಧಕಗಳ ವಿಚಾರವು ಅಲ್ಲಿಯೇ ಪ್ರಾಪ್ತವಾಗುತ್ತದೆ.

ಎಲ್‌ಇಡಿಯೆಂದರೆ ಒಂದೇ ದಿಕ್ಕಿನ ಪ್ರವಾಹಕ್ಕೆ ಎಡೆಗೊಟ್ಟು ಬೆಳಗುವ ಅರೆವಾಹಕ. ಅದರ ಉದ್ದ ಕಾಲು ಧನಾಗ್ರ, ಗಿಡ್ಡ ಕಾಲು ಋಣಾಗ್ರ. ತಂತುದೀಪಕ್ಕೂ ಇದಕ್ಕೂ ಇರುವ ಭೇದವನ್ನು ಇಲ್ಲಿ ದೃಢವಾಗಿ ಗ್ರಹಿಸಬೇಕು. ತಂತು ಕಾದಷ್ಟೂ ಅದರ ರೋಧ ಏರುತ್ತದೆ. ಆದ್ದರಿಂದ ಅದು ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುತ್ತದೆ. ಎಲ್‌ಇಡಿ ಕಾದಷ್ಟೂ ಅದಕ್ಕೆ ಬೇಕಾದ ವಿಭವ ಇಳಿಯುತ್ತದೆ. ವಿಭವ ಸ್ಥಿರವಾಗಿದ್ದರೆ ಪ್ರವಾಹ ಏರುತ್ತದೆ, ಏರಿದ ಪ್ರವಾಹವು ಮತ್ತೆ ಕಾಯಿಸುತ್ತದೆ. ಸ್ವನಿಯಮನವಿಲ್ಲದ ಈ ವಸ್ತುವಿಗೆ ಪರನಿಯಮನ ಅನಿವಾರ್ಯ. ರೋಧಕದ ಅಧಿಕಾರವು ಇಲ್ಲಿಂದ ಹುಟ್ಟುತ್ತದೆ.

‘ವಿಭವವನ್ನು ತಗ್ಗಿಸುವುದು ರೋಧಕ’ ಎಂಬ ಪ್ರಚಲಿತ ಲಕ್ಷಣವು ದುಷ್ಟ. ಡಯೋಡ್ ಕೂಡ ವಿಭವವನ್ನು ತಗ್ಗಿಸುವುದರಿಂದ ಅತಿವ್ಯಾಪ್ತಿ. ಪ್ರವಾಹವಿಲ್ಲದಾಗ ರೋಧಕ ಏನನ್ನೂ ತಗ್ಗಿಸದಿರುವುದರಿಂದ ಅವ್ಯಾಪ್ತಿ. ಆದುದರಿಂದ, ತನ್ನ ತುದಿಗಳ ವಿಭವಾಂತರಕ್ಕೆ ಅನುಪಾತದಲ್ಲಿ ಮಾತ್ರ ಪ್ರವಾಹವನ್ನು ಬಿಡುವ ಘಟಕವೇ ರೋಧಕ ಎಂಬುದು ನಿರ್ದುಷ್ಟ ಲಕ್ಷಣ. 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮವೂ ಇದೇ.

ಪ್ರಮಾಣ ಹೀಗೆ. ಕೋಶದ ವಿಭವದಿಂದ ಎಲ್‌ಇಡಿಯ ವಿಭವವನ್ನು ಕಳೆದು, ಶೇಷವನ್ನು ಇಷ್ಟ ಪ್ರವಾಹದಿಂದ ಭಾಗಿಸಬೇಕು. ಪ್ರಮಾದವೆಲ್ಲ ನಡೆಯುವುದು ‘ಕೋಶದ ವಿಭವ’ ಎಂಬಲ್ಲಿಯೇ. 18650 ಲಿಥಿಯಂ ಕೋಶದ ನಾಮಮಾತ್ರ ವಿಭವ 3.7 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ನೀಲಿ ಎಲ್‌ಇಡಿಗೆ 3.2 ವೋಲ್ಟ್, 20 ಮಿಲಿಆಂಪಿಯರ್ ಎಂದಿಟ್ಟುಕೊಂಡು 3.7ನ್ನು ಹಿಡಿದರೆ 25 ಓಮ್ ಬರುತ್ತದೆ. ಅದೇ 25 ಓಮ್‌ಗೆ ಹೊಸದಾಗಿ ಚಾರ್ಜ್ ಮಾಡಿದ ಕೋಶವನ್ನು ಜೋಡಿಸಿದರೆ 40 ಮಿಲಿಆಂಪಿಯರ್ ಹರಿಯುತ್ತದೆ, ಅಂದರೆ ಇಮ್ಮಡಿ. ಆದ್ದರಿಂದ ಗಣನೆಗೆ ಪೂರ್ಣವಿಭವವೇ ಗ್ರಾಹ್ಯ: 50 ಓಮ್, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅದರ ಮೇಲಿನ ಮೌಲ್ಯ 56, ಮೈಮೇಲೆ ಹಸಿರು, ನೀಲಿ, ಕಪ್ಪು ಪಟ್ಟಿ. ಕೆಂಪು ಎಲ್‌ಇಡಿಗೆ ಎರಡೇ ವೋಲ್ಟ್ ಸಾಕು. ಅದಕ್ಕೂ 56ನ್ನೇ ಹಾಕಿದರೆ 39 ಮಿಲಿಆಂಪಿಯರ್ ನುಗ್ಗುತ್ತದೆ. ಅದಕ್ಕೆ 120 ಓಮ್ ಬೇಕು. ಬಣ್ಣ ಭಿನ್ನವಾದರೆ ರೋಧಕವೂ ಭಿನ್ನ.

ಇಲ್ಲಿ ಪೂರ್ವಪಕ್ಷ: ‘ಗುಂಡಿ ಕೋಶದ ಕೀಚೈನ್ ಟಾರ್ಚಿನಲ್ಲಿ ರೋಧಕವೇ ಇರುವುದಿಲ್ಲ, ಆದರೂ ಎಲ್‌ಇಡಿ ಬಾಳುತ್ತದೆ, ಆದುದರಿಂದ ರೋಧಕ ಅನಾವಶ್ಯಕ.’ ಇದು ಅಯುಕ್ತ. ಆ ಸಣ್ಣ ಕೋಶದ ಆಂತರಿಕ ರೋಧವೇ ಅಲ್ಲಿ ನಿಯಾಮಕ. ಇಲ್ಲವಾದದ್ದು ರೋಧಕವೆಂಬ ಬಿಡಿಭಾಗ, ರೋಧವಲ್ಲ. 18650ರಲ್ಲಿ ಆಂತರಿಕ ರೋಧವು ಓಮಿನ ಅಲ್ಪಾಂಶ ಮಾತ್ರ. ಆ ದೃಷ್ಟಾಂತ ಇಲ್ಲಿಗೆ ಸಲ್ಲದು.

ಬಲವತ್ತರವಾದ ಇನ್ನೊಂದು ಪಕ್ಷವುಂಟು: ‘ಐದು ನೀಲಿ ಎಲ್‌ಇಡಿಗಳನ್ನು ಸಮಾಂತರವಾಗಿ ಕೂಡಿಸಿ, ಎಲ್ಲಕ್ಕೂ ಸೇರಿ 10 ಓಮಿನ ಒಂದೇ ರೋಧಕ ಇಟ್ಟರೆ ಒಟ್ಟು 100 ಮಿಲಿಆಂಪಿಯರ್ ತಾನೆ? ಪಾಲಿಗೆ 20 ಬಂದಂತಾಯಿತು, ಬೆಸುಗೆಯೂ ಕಡಿಮೆ.’ ಗಣಿತ ಸರಿ, ಅನುಮಾನ ತಪ್ಪು. ಒಟ್ಟು ಪ್ರವಾಹದ ನಿಯಮನದಿಂದ ಅದರ ವಿಭಾಗದ ನಿಯಮನ ಸಿದ್ಧಿಸದು. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ವಿಭವ ತುಸು ಹೆಚ್ಚುಕಡಿಮೆ ಇರುತ್ತದೆ. ಕಡಿಮೆಯುಳ್ಳದ್ದು ಹೆಚ್ಚು ಪ್ರವಾಹವನ್ನು ಸೆಳೆದು, ಕಾದು, ಇನ್ನೂ ಹೆಚ್ಚು ಸೆಳೆಯುತ್ತದೆ. ಅದು ಸುಟ್ಟು ಕಡಿದುಹೋದರೆ ಉಳಿದ ನಾಲ್ಕರ ಮೇಲೆ ತಲಾ 25ರ ಸಮೀಪದ ಭಾರ ಬೀಳುತ್ತದೆ. ಆದ್ದರಿಂದ ಕವಲಿಗೊಂದು ರೋಧಕವೆಂಬುದೇ ಸಿದ್ಧಾಂತ. ‘ಎಲ್‌ಇಡಿಗೊಂದು’ ಎನ್ನಲಿಲ್ಲ, ಗಮನಿಸಬೇಕು: 9 ವೋಲ್ಟಿನ ಬ್ಯಾಟರಿಗೆ ಶ್ರೇಣಿಯಲ್ಲಿ ಕಟ್ಟಿದ ಎರಡು ನೀಲಿ ಎಲ್‌ಇಡಿಗಳಿಗೆ ಒಂದೇ ರೋಧಕ ಸಾಕು, ಏಕೆಂದರೆ ಅಲ್ಲಿ ಕವಲು ಒಂದೇ. ಆ ರೋಧಕ ಎಲ್‌ಇಡಿಯ ಮುಂದಿರಬೇಕೋ ಹಿಂದಿರಬೇಕೋ ಎಂಬ ವಿವಾದವೂ ನಿರರ್ಥಕ; ಶ್ರೇಣಿಯಲ್ಲಿ ಎಲ್ಲೆಡೆ ಪ್ರವಾಹ ಒಂದೇ.

ಹಾಗಾದರೆ ಬ್ಯಾಟರಿಯಿಂದ ಹೊರಡುವ ಮೂಲ ತಂತಿಯಲ್ಲೇ ರೋಧಕ ಇಡಬಹುದೇ? ಕೂಡದು. ಆ ತಂತಿ ಗುಂಜನ ಹೊಮ್ಮಿಸುವ ಧ್ವನಿಫಲಕವನ್ನೂ ಪೋಷಿಸುತ್ತದೆ. ಖಡ್ಗ ತಾಗಿದ ಸದ್ದು ಮೊಳಗುವ ಕ್ಷಣದಲ್ಲಿ ಫಲಕ ಹೆಚ್ಚು ಪ್ರವಾಹ ಬೇಡುತ್ತದೆ. ಮೂಲದ ರೋಧಕದಿಂದ ವಿಭವ ಕುಸಿದು, ಫಲಕ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ರೋಧಕದ ಅಧಿಕಾರ ಬೆಳಕಿನ ಕವಲಿನಲ್ಲಿ ಮಾತ್ರ, ಧ್ವನಿಯಲ್ಲಿಲ್ಲ.

ಶಾಖದ ವಿಚಾರ. 20 ಮಿಲಿಆಂಪಿಯರಿಗೆ ಕಾಲು ವ್ಯಾಟಿನ ರೋಧಕ ಧಾರಾಳ. ಹಿಡಿಯಲ್ಲಿ ಕೂರುವ ಒಂದು ಆಂಪಿಯರಿನ ನೀಲಿ ಎಲ್‌ಇಡಿಗಾದರೋ 1 ಓಮಿನ ರೋಧಕವು ಒಂದು ವ್ಯಾಟ್ ಶಾಖವನ್ನು ಉಗುಳುತ್ತದೆ. ಅದಕ್ಕೆ 2 ವ್ಯಾಟಿನದೇ ಬೇಕು, ಅದು ಕೋಶದ ಹೊದಿಕೆಗೆ ತಾಗಬಾರದು.

ಒಂದು ದೋಷವನ್ನು ಒಪ್ಪಲೇಬೇಕು. 4.2ಕ್ಕೂ 3.2ಕ್ಕೂ ಅಂತರ ಕಿರಿದಾದುದರಿಂದ, ಕೋಶ 3.7ಕ್ಕೆ ಇಳಿದಾಗ ನೀಲಿ ಎಲ್‌ಇಡಿಯ ಪ್ರವಾಹ ಸುಮಾರು ಅರ್ಧಕ್ಕಿಳಿದು ಅಲಗು ಮಂಕಾಗುತ್ತದೆ. ಸಮಪ್ರಭೆ ಬೇಕೆನ್ನುವವರಿಗೆ ಸ್ಥಿರಪ್ರವಾಹದ ಡ್ರೈವರ್ ಫಲಕವುಂಟು. ನಿಯಮನ ಅದರಲ್ಲೇ ಸಿದ್ಧವಾದುದರಿಂದ ಅಲ್ಲಿ ರೋಧಕ ಬೇಡ. ಇದು ಅಪವಾದ, ಉತ್ಸರ್ಗಕ್ಕೆ ಬಾಧಕವಲ್ಲ.

ಹಿಡಿಯ ತಿರುಪು ಬಿಗಿಯುವ ಮುನ್ನ ಪೂರ್ತಿ ಚಾರ್ಜ್ ಆದ ಕೋಶ ಹಾಕಿ, ಪ್ರತಿಯೊಂದು ಕವಲಿನಲ್ಲೂ ಮಲ್ಟಿಮೀಟರನ್ನು ಶ್ರೇಣಿಯಲ್ಲಿ ಸೇರಿಸಿ ಪ್ರವಾಹವನ್ನು ಓದಬೇಕು. ಸಣ್ಣ ಎಲ್‌ಇಡಿಯ ಕವಲಿನಲ್ಲಿ 20 ಮಿಲಿಆಂಪಿಯರ್ ಮೀರಿದರೆ ಆ ರೋಧಕವನ್ನು ಬಿಚ್ಚಿ ಮೇಲಿನ ಮೌಲ್ಯದ್ದನ್ನು ಬೆಸೆಯಬೇಕು.